ಅದಕ್ಕೂ ಉಬ್ಬಸ ಇದ್ದಾ?

ದಿನಚರಿಯ ಪುಟಗಳು: ಸಿದ್ದಾಪುರ ತಾಲೂಕು, 2024ರ ಮಳೆಗಾಲ

ಜೂನ್ 9, ಭಾನುವಾರ

ಮೃಗಶಿರ ಹುಟ್ಟಿ ಎರಡೇ ದಿನ. ಮಳೆ ಇನ್ನೂ ಸರಿಯಾಗಿ ಹಿಡಿದಿಲ್ಲ, ಕರೆಂಟ್ ಆಗಲೇ ಹೆದರಿದೆ. ನಿನ್ನೆ ಸಂಜೆ 6ಕ್ಕೆ ಹೋದದ್ದು ಇವತ್ತು ಬೆಳಿಗ್ಗೆ 11ಕ್ಕೆ ಬಂತು. ಹದಿನೇಳು ತಾಸು.

ಇನ್ವರ್ಟರ್ ಬ್ಯಾಟರಿ 150 ಆಂಪಿಯರ್-ಅವರಿನದು. ಕೊಡುವಾಗ ಅಂಗಡಿಯವ, ಎಂಟು ತಾಸಿಗೆ ಚಿಂತೆಯಿಲ್ಲ ಎಂದಿದ್ದ. ಅವನದು ನಾಲ್ಕು ಬಲ್ಬು, ಎರಡು ಫ್ಯಾನಿನ ಲೆಕ್ಕ. ಆಯಿಯ ಆಕ್ಸಿಜನ್ ಮಿಷನ್ ಒಂದೇ 330 ವ್ಯಾಟ್ ಎಳೆಯುತ್ತದೆ. ರಾತ್ರಿ ಹತ್ತೂವರೆಗೆ ಇನ್ವರ್ಟರ್ ಕೂಗಲಿಕ್ಕೆ ಶುರುಮಾಡಿತು. ಸಿಲಿಂಡರಿಗೆ ನಳಿಗೆ ಬದಲಿಸಿದೆ. ಸಣ್ಣ ಸಿಲಿಂಡರು, 1500 ಲೀಟರ್. ನಿಮಿಷಕ್ಕೆ ಎರಡು ಲೀಟರಿನಂತೆ ಹನ್ನೆರಡೂವರೆ ತಾಸು. ಬೆಳಿಗ್ಗೆ ಹತ್ತೂಮುಕ್ಕಾಲಿಗೆ ಮುಳ್ಳು ಕೆಂಪಿಗೆ ಬಂದಿತ್ತು. 11ಕ್ಕೆ ಕರೆಂಟ್.

ಆ ಕಾಲು ತಾಸು ಏನು ಮಾಡುತ್ತಿದ್ದೆ ಎಂದು ನೆನಪಾಗುತ್ತಿಲ್ಲ. ಮುಳ್ಳು ನೋಡುತ್ತಿದ್ದೆ, ಅಷ್ಟೆ.

ಜೂನ್ 12, ಬುಧವಾರ

ತಮ್ಮ ಬೆಂಗಳೂರಿನಿಂದ ಫೋನ್. ಸೋಲಾರ್ ಹಾಕಿಸು ಎಂದ. ಆಷಾಢದಲ್ಲಿ ಇಲ್ಲಿ ಪಂಚೆ ಒಣಗಲಿಕ್ಕೆ ನಾಲ್ಕು ದಿನ ಬೇಕು, ಒಲೆಯ ಮೇಲೆ ಕಟ್ಟಿದರೂ. ಅವನಿಗೆ ಮರೆತುಹೋಗಿದೆ.

ಪಕ್ಕದ ಮನೆ ಭಾವ ಗೋಬರ್ ಗ್ಯಾಸಿನಲ್ಲೇ ಜನರೇಟರ್ ಓಡಿಸುವ ಮಾತು ಹೇಳಿದ. ನಮ್ಮದು 2 ಘನ ಮೀಟರಿನ ದೀನಬಂಧು, 1992ರಲ್ಲಿ ಕಟ್ಟಿಸಿದ್ದು. ದಿನಕ್ಕೆ 50 ಕಿಲೋ ಸಗಣಿ ಬೇಡುತ್ತದೆ. ಕೊಟ್ಟಿಗೆಯಲ್ಲಿ ಈಗ ಉಳಿದದ್ದು ಮೂರು ದನ. ಮಳೆಗಾಲದ ಥಂಡಿಗೆ ಗ್ಯಾಸೂ ಕಡಿಮೆ. ಇದ್ದಷ್ಟನ್ನು ಎಂಜಿನ್ನಿಗೆ ಕೊಟ್ಟರೆ ಎರಡು ತಾಸು ಓಡೀತು, ಆಮೇಲೆ ಅಡುಗೆಗೆ ಸೌದೆ ಒಲೆ ಹಚ್ಚಬೇಕು. ಆ ಗ್ಯಾಸಿನಲ್ಲಿರುವ ಗಂಧಕ ಎಂಜಿನ್ನಿನ ಒಳಗನ್ನೇ ತಿನ್ನುತ್ತದಂತೆ, ತುಕ್ಕು ಕಬ್ಬಿಣದ ಚೂರು ತುಂಬಿದ ಡಬ್ಬಿಯ ಮೂಲಕ ಸೋಸಿ ಬಿಡಬೇಕಂತೆ. ಭಾವ ಕಾಗದದ ಮೇಲೆ ಚಿತ್ರ ಬರೆದು ತೋರಿಸಿದ. ಅವನ ಚಿತ್ರ ಯಾವಾಗಲೂ ಚೆಂದ.

ಸೌದೆ ಒಲೆ ಎಂದಾಗ ಇವಳು ಆಯಿಯ ಕೋಣೆಯ ಕಡೆ ನೋಡಿದಳು. ಮಾತು ಅಲ್ಲಿಗೆ ನಿಂತಿತು.

ಆಯಿ ಈ ಮನೆಗೆ ಬಂದದ್ದು 1956ರಲ್ಲಿ. ಗೋಬರ್ ಗ್ಯಾಸ್ ಬಂದದ್ದು 1992ರಲ್ಲಿ. ಮೂವತ್ತಾರು ವರ್ಷ ಒಲೆಯ ಮುಂದೆ. ಅದರ ಮೇಲೆ ಅಡಿಕೆ ಬೇಯಿಸುವ ಹಂಡೆಯ ಹೊಗೆ ಬೇರೆ. ಡಾಕ್ಟರು ಎಕ್ಸ್‌ರೇ ಹಿಡಿದು, "ಅಜ್ಜಿ ಬೀಡಿ ಸೇದುತ್ತಿದ್ದರಾ?" ಎಂದು ಕೇಳಿದ್ದರು.

ಜೂನ್ 15, ಶನಿವಾರ

ಶಿರಸಿಗೆ ಹೋಗಿದ್ದೆ. ಅಂಗಡಿಯಲ್ಲಿ ಸೂಟ್‌ಕೇಸಿನ ಹಾಗಿರುವ ಜನರೇಟರ್ ಒಂದಿತ್ತು, ಪಕ್ಕದಲ್ಲಿ ನಿಂತು ಮಾತಾಡಬಹುದು, ಅಷ್ಟು ಮೆಲ್ಲಗೆ ಓಡುತ್ತದೆ. ಬೆಲೆ ಕೇಳಿ ನೀರು ಕುಡಿದು ಹೊರಗೆ ಬಂದೆ.

ಶಾಮಿಯಾನ ಬಾಡಿಗೆ ಕೊಡುವವನೊಬ್ಬ ಹಳೆಯದನ್ನು ಮಾರುತ್ತಾನೆಂದು ಗೊತ್ತಿತ್ತು. ಕೆಂಪು ಬಣ್ಣ, ಕೇಳದ ಹೆಸರು. ಪೆಟ್ರೋಲಿನದು. ಮೈಮೇಲೆ 2500 ವ್ಯಾಟ್ ಎಂದು ದಪ್ಪಕ್ಷರ. ಬುಡದ ಚೀಟಿಯಲ್ಲಿ ಸಣ್ಣಕ್ಷರದಲ್ಲಿ 2000. ದಪ್ಪಕ್ಷರದ್ದು ಕ್ಷಣಮಾತ್ರದ ಶಕ್ತಿ, ಸಣ್ಣಕ್ಷರದ್ದು ದುಡಿಯುವ ಶಕ್ತಿ. ವೈಂಡಿಂಗ್ ತಾಮ್ರದ್ದಾ, ಅಲ್ಯೂಮಿನಿಯಮ್ಮಾ ಎಂದು ಕೇಳಿದೆ. "ತಾಮ್ರವೇ" ಎಂದ, ನನ್ನ ಮುಖ ನೋಡದೆ. 18,000 ಹೇಳಿದ. 15,500ಕ್ಕೆ ಮುಗಿಯಿತು. ಮದುವೆ ಸೀಜನ್ ಮುಗಿದಿದ್ದರಿಂದ ಅವನಿಗೂ ಜಾಗ ಬೇಕಿತ್ತು.

ಇವತ್ತೇ ಪೆಟ್ರೋಲಿಗೆ 3 ರೂಪಾಯಿ ಏರಿದೆ. ಮುಹೂರ್ತ ನೋಡಿ ಕೊಂಡ ಹಾಗಾಯಿತು.

ಜೂನ್ 16, ಭಾನುವಾರ

ಜೀಪು ದಣಪೆಯ ತನಕ. ಅಲ್ಲಿಂದ ನಾನೂ ಭಾವನೂ ಹೊತ್ತದ್ದು. ನಲವತ್ತು ಕಿಲೋ ಇದ್ದೀತು. ತೋಟದ ಸಂಕದ ಮೇಲೆ ಭಾವನ ಕಾಲು ಜಾರಿತು. ಮನುಷ್ಯ ಬೀಳಲಿಲ್ಲ, ಜನರೇಟರೂ ಬೀಳಲಿಲ್ಲ, ಅವನ ಒಂದು ಚಪ್ಪಲಿ ಹಳ್ಳಕ್ಕೆ ಹೋಯಿತು.

ಹಳೆಯ ಆಯಿಲ್ ತೆಗೆದೆ. ಕಾಡಿಗೆಯ ಹಾಗಿತ್ತು. ಈ ಎಂಜಿನ್ನಿಗೆ ಆಯಿಲ್ ಫಿಲ್ಟರೇ ಇಲ್ಲ, ಆರುನೂರು ಮಿಲಿಲೀಟರ್ ಆಯಿಲೇ ಎಲ್ಲ ಕೊಳೆಯನ್ನೂ ಹೊರಬೇಕು. ಹೊಸದು ಹಾಕಿ ಹಗ್ಗ ಎಳೆದೆ. ಹನ್ನೊಂದನೇ ಎಳೆತಕ್ಕೆ ಹೊತ್ತಿತು. ರಟ್ಟೆ ಹೋಯಿತು. ನನಗೆ 61.

ಸದ್ದು! ಕೇರಿಯ ನಾಯಿಗಳೆಲ್ಲ ಒಮ್ಮೆಗೇ. ಒಂದು ಟೇಬಲ್ ಫ್ಯಾನ್ ಹಾಕಿ ನೋಡಿದೆ, ತಿರುಗಿತು. ಮಗುವಿನ ಹಾಗೆ ಖುಷಿಯಾಯಿತು, ಸುಳ್ಳೇಕೆ.

ಜೂನ್ 18, ಮಂಗಳವಾರ

ಒಂದೇ ಸಮನೆ ಓಡುವುದಿಲ್ಲ. ಏರುತ್ತದೆ, ಇಳಿಯುತ್ತದೆ, ಮತ್ತೆ ಏರುತ್ತದೆ. ಹೂಂಯ್... ಹೂಂ... ಹೂಂಯ್. ಆಯಿ ಮಂಚದ ಮೇಲೆ ಕೂತು ಕೇಳಿಸಿಕೊಂಡು, "ಅದಕ್ಕೂ ಉಬ್ಬಸ ಇದ್ದಾ?" ಎಂದಳು.

ಕಾರ್ಬ್ಯುರೇಟರ್ ಬಿಚ್ಚಿದೆ. ಅಡಿಕೆಗೆ ಕೊಳೆರೋಗದ ಔಷಧಿ ಹೊಡೆಯುವ ಪಂಪಿನ ಎಂಜಿನ್ ಬಿಚ್ಚಿ ಅಭ್ಯಾಸ ಇದೆ, ಇದೂ ಅದೇ ಜಾತಿ. ತಳದ ಬಟ್ಟಲಲ್ಲಿ ಬೆಲ್ಲದ ಪಾಕದಂಥ ಅಂಟು. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಇರುತ್ತದೆ, ಅದು ಗಾಳಿಯ ನೀರನ್ನು ಎಳೆದುಕೊಳ್ಳುತ್ತದೆ, ತಿಂಗಳುಗಟ್ಟಲೆ ಬಿಟ್ಟರೆ ಹೀಗೆ. ಜೆಟ್ಟಿನ ತೂತು ಸೂಜಿಮೊನೆಗಿಂತ ಸಣ್ಣದು. ಕೊಡೆಯ ಕಡ್ಡಿ ದಪ್ಪವಾಯಿತು. ಕೊನೆಗೆ ವಯರಿನ ಒಂದೇ ಎಳೆ ತೆಗೆದು ತೂರಿಸಿದೆ. ಬೆಳಕಿಗೆ ಹಿಡಿದರೆ ಆಚೆ ಇವಳ ಸೀರೆಯ ಹಸಿರು ಕಂಡಿತು, ಒಂದು ಚುಕ್ಕೆ.

ಈಗ ಉಬ್ಬಸ ಇಲ್ಲ. ಇನ್ನು ಮುಂದೆ ನಿಲ್ಲಿಸುವಾಗ ಪೆಟ್ರೋಲ್ ಕಾಕ್ ಮುಚ್ಚಿ, ತಾನಾಗಿ ಆರುವ ತನಕ ಬಿಡಬೇಕು.

ಜೂನ್ 23, ಭಾನುವಾರ

ಆಕ್ಸಿಜನ್ ಮಿಷನ್ನಿಗೆ ಜನರೇಟರ್ ಕರೆಂಟ್ ಆಗಿಬರಲಿಲ್ಲ. ಹಾಕಿದ ಕೂಡಲೇ ಕೆಂಪು ದೀಪ, ಕೀಂ ಎಂದು ಕೂಗು. ವೋಲ್ಟೂ ಹರ್ಟ್ಸೂ ತೋರಿಸುವ ಸಣ್ಣ ಮೀಟರ್ ತರಿಸಿದ್ದೆ, ಪ್ಲಗ್ಗಿಗೆ ಚುಚ್ಚುವಂಥದ್ದು. 251 ವೋಲ್ಟ್, 54 ಹರ್ಟ್ಸ್. ನಮ್ಮ ಲೈನಿನದು 230, 50. ಅಂದರೆ ಎಂಜಿನ್ ಜೋರಾಗಿ ಓಡುತ್ತಿದೆ. ನಿಮಿಷಕ್ಕೆ 3000 ಸುತ್ತಿದರೆ 50 ಹರ್ಟ್ಸ್, ಲೆಕ್ಕ ಅಷ್ಟೇ. ಮದುವೆಮನೆಯ ಸೀರಿಯಲ್ ಲೈಟು ಮಂಕಾಗಬಾರದೆಂದು ಶಾಮಿಯಾನದವನೇ ಗವರ್ನರ್ ಸ್ಕ್ರೂ ಬಿಗಿದಿರಬೇಕು.

ಅರ್ಧ ಸುತ್ತು ಸಡಿಲಿಸಿದೆ. 52. ಲೋಡ್ ಕೊಟ್ಟಾಗ 50ರ ಆಸುಪಾಸು. ವೋಲ್ಟೂ ಇಳಿಯಿತು.

ಆದರೂ ನೇರವಾಗಿ ಆಯಿಯ ಮಿಷನ್ನಿಗೆ ಕೊಡಲು ಧೈರ್ಯವಿಲ್ಲ. ಜನರೇಟರಿನಿಂದ ಇನ್ವರ್ಟರಿಗೆ, ಅಲ್ಲಿಂದ ಅವಳಿಗೆ ಎಂದುಕೊಂಡೆ. ಇನ್ವರ್ಟರ್ ತೆಗೆದುಕೊಳ್ಳಲೇ ಇಲ್ಲ, ಕರೆಂಟೇ ಬಂದಿಲ್ಲವೆಂಬಂತೆ ಬ್ಯಾಟರಿಯಲ್ಲೇ ನಡೆಯಿತು. ಎರಡು ತಾಸು ತಲೆ ಕೆಡಿಸಿಕೊಂಡ ಮೇಲೆ ಹಿಂಬದಿಯಲ್ಲಿ ಒಂದು ಗುಂಡಿ ಕಂಡಿತು. ಒಂದು ಕಡೆ ಯುಪಿಎಸ್, ಇನ್ನೊಂದು ಕಡೆ ನಾರ್ಮಲ್. ಯುಪಿಎಸ್‌ನಲ್ಲಿದ್ದರೆ ಕರೆಂಟ್ ಸ್ವಲ್ಪ ಹೆಚ್ಚುಕಮ್ಮಿಯಾದರೂ ಒಲ್ಲೆ ಎನ್ನುತ್ತದೆ. ನಾರ್ಮಲ್ ಮಡಿ-ಮೈಲಿಗೆ ನೋಡುವುದಿಲ್ಲ. ಐದು ವರ್ಷದಿಂದ ಮನೆಯಲ್ಲಿದೆ, ಆ ಗುಂಡಿ ನೋಡಿರಲಿಲ್ಲ.

ಜುಲೈ 2, ಮಂಗಳವಾರ, ರಾತ್ರಿ ಒಂದೂವರೆ

ಆರಿದ್ರೆ ಮಳೆ ಹಂಚಿನ ಮೇಲೆ ಕಲ್ಲು ಸುರಿದ ಹಾಗೆ. ಎಂಟಕ್ಕೆ ಕರೆಂಟ್ ಹೋಯಿತು. ಹನ್ನೆರಡಕ್ಕೆ ಇನ್ವರ್ಟರ್ ಕೂಗಿತು.

ಅಂಗಳದಲ್ಲಿ ಇಡುವಂತಿಲ್ಲ, ನೀರು. ಹಿಂದಿನ ಜಗುಲಿಯಲ್ಲಿ ಇಟ್ಟೆ, ಬಚ್ಚಲ ಬಾಗಿಲ ಪಕ್ಕ. ಎರಡೂ ತುದಿಗೆ ಪ್ಲಗ್ ಇರುವ ವಯರನ್ನು ಶಾಮಿಯಾನದವನೇ ಕೊಟ್ಟಿದ್ದ. ಒಂದು ತುದಿ ಜನರೇಟರಿಗೆ, ಇನ್ನೊಂದು ಬಚ್ಚಲಿನ ಸಾಕೆಟ್ಟಿಗೆ. ಇಡೀ ಮನೆಗೆ ಹಿಂದಿನಿಂದ ಕರೆಂಟ್. ಮೊದಲು ಮೇನ್ ಇಳಿಸಬೇಕು, ಅದೊಂದು ಮರೆಯಬಾರದು ಎಂದಿದ್ದ.

ಓಡುತ್ತಿದೆ. ಆಯಿಯ ಬೆರಳಿಗೆ ಮೀಟರ್ ಹಾಕಿದೆ, 91. ಡಾಕ್ಟರು ಹೇಳಿದ್ದು 88ರಿಂದ 92ರ ಒಳಗೆ ಇದ್ದರೆ ಸಾಕು, ಅವಳಂಥವರಿಗೆ ಹೆಚ್ಚು ಕೊಡುವುದೂ ತಪ್ಪು. ನೆಮ್ಮದಿ.

ಇದೇ ಮೊದಲು ಅದರ ಬೆಳಕಲ್ಲಿ ಬರೆಯುತ್ತಿರುವುದು.

ಅದೇ ರಾತ್ರಿ, ನಾಲ್ಕು ಗಂಟೆ

ಇವಳು ಎಬ್ಬಿಸಿದಳು. ತಲೆ ಸಿಡಿಯುತ್ತಿದೆ, ಹೊಟ್ಟೆ ತೊಳಸುತ್ತಿದೆ ಎಂದಳು. ನನಗೂ ಹಣೆ ಹಿಡಿದ ಹಾಗೆ. ಮಳೆಗೆಂದು ಕಿಟಕಿಗಳೆಲ್ಲ ಮುಚ್ಚಿದ್ದವು. ಬಚ್ಚಲಿನ ಬಾಗಿಲು ಸಣ್ಣಗೆ ತೆರೆದಿತ್ತು.

ಓಡಿಹೋಗಿ ಎಂಜಿನ್ ಆರಿಸಿದೆ. ಎಲ್ಲ ಬಾಗಿಲು ತೆಗೆದೆವು. ಆಯಿಯನ್ನು ಕುರ್ಚಿಸಮೇತ ಎತ್ತಿ ಮುಂದಿನ ಜಗುಲಿಗೆ ತಂದು ಸಿಲಿಂಡರ್ ಕೊಟ್ಟೆ. ಕಂಬಳಿ ಹೊದೆಸಿದೆ. ಅವಳಿಗೇನೂ ಅನ್ನಿಸಿದಂತಿರಲಿಲ್ಲ, ಮಂಪರು ಮಾತ್ರ. "ಕರೆಂಟ್ ಬಂತಾ?" ಎಂದಳು. ಬೆರಳಿನ ಮೀಟರ್ 93. ಎಂದಿಗಿಂತ ಚೆನ್ನಾಗಿದೆ.

ದೇವರು ದೊಡ್ಡವನು ಎಂದು ಬರೆದು ಮಲಗುತ್ತೇನೆ.

ಜುಲೈ 3, ಬುಧವಾರ

ಬೆಳಿಗ್ಗೆ ಹಾಲು ಕರೆದು ಬಂದು ನೋಡುತ್ತೇನೆ, ಮೇನ್ ಸ್ವಿಚ್ಚಿನ ಹಿಡಿಕೆ ಮೇಲಿದೆ.

ರಾತ್ರಿ ಇಳಿಸಿದ್ದೆನಾ? ಕರೆಂಟ್ ಬಂದಿದೆಯಾ ನೋಡೋಣವೆಂದು ಬೆಳಿಗ್ಗೆ ಏರಿಸಿದೆನಾ? ಇವಳನ್ನು ಕೇಳಿದೆ. "ಆನು ಮುಟ್ಟಿದ್ನಿಲ್ಲೆ." ಹಿಡಿಕೆ ಇಳಿಸಿದ ಕೈ ನೆನಪಿದೆ. ಆದರೆ ಆ ನೆನಪು ನಿನ್ನೆಯದಾ, ಜೂನಿನಲ್ಲಿ ಒಮ್ಮೆ ಹಾಕಿ ನೋಡಿದ ದಿನದ್ದಾ, ಗೊತ್ತಾಗುತ್ತಿಲ್ಲ.

ಹತ್ತು ಗಂಟೆಗೆ ಪವರ್‌ಮ್ಯಾನ್ ಬಂದ. ಬಾಗಲಕೋಟೆ ಕಡೆಯ ಹುಡುಗ, ಬಂದು ಎರಡನೇ ಮಳೆಗಾಲ. ರೇನ್‌ಕೋಟಿನ ಒಳಗೂ ಒದ್ದೆ. ಭಾವನ ಬೆಟ್ಟದ ಅಂಚಿನಲ್ಲಿ ನಂದಿಮರ ಬಿದ್ದು ತಂತಿ ತುಂಡಾಗಿತ್ತು. ಒಂದು ತುದಿ ನೆಲಕ್ಕೆ, ದರಕಿನ ಮೇಲೆ. ನಮ್ಮ ಕಂಬದ ಕಡೆಯ ತುದಿ.

ಅವನು ಟೆಸ್ಟರ್ ಹಿಡಿದು ನೋಡಿ, ಆಮೇಲೆ ಕೈಯಲ್ಲಿ ಎತ್ತಿದ. ನಾನು ನೋಡುತ್ತ ನಿಂತಿದ್ದೆ. ಆಗ ಎಂಜಿನ್ ಆರಿ ಆರು ತಾಸಾಗಿತ್ತು.

ಮಧ್ಯಾಹ್ನದಿಂದ ಒಂದು ಲೆಕ್ಕ ಹಾಕುತ್ತಿದ್ದೇನೆ. ಮೇನ್ ಮೇಲಿದ್ದಿದ್ದರೆ ಕೇರಿಯ ಎಲ್ಲ ಮನೆಯ ಭಾರ ನಮ್ಮ ಜನರೇಟರಿನ ಮೇಲೆ ಬಿದ್ದು ಅದು ಕೂಡಲೇ ಕುಸಿಯಬೇಕಿತ್ತು. ಕುಸಿಯಲಿಲ್ಲ. ಆದ್ದರಿಂದ ಇಳಿಸಿದ್ದೆ. ಸರಿ. ಆದರೆ ತಂತಿ ತುಂಡಾಗಿತ್ತು. ತುಂಡಾದ ತುದಿಗೂ ನಮ್ಮ ಮನೆಗೂ ಮಧ್ಯ ಬೇರೆ ಯಾವ ಮನೆಯೂ ಇಲ್ಲ. ಹಾಗಾದರೆ ಭಾರವೇ ಇಲ್ಲ. ಕುಸಿಯಬೇಕಾಗಿಯೂ ಇಲ್ಲ. ಆ ದಾರಿಯಲ್ಲೇ ಭಾವನ ದನ ಹೋಗುವುದು.

ಜುಲೈ 4, ಗುರುವಾರ

ಮಗಳಿಗೆ ಫೋನ್ ಮಾಡಿದೆ. ಹುಬ್ಬಳ್ಳಿಯಲ್ಲಿ ನರ್ಸು. ತಲೆನೋವಿನ ಕತೆ ಹೇಳಿ, ಆಯಿಗೆ ಏನೂ ಆಗಲಿಲ್ಲ, ಮೀಟರ್ 93 ಇತ್ತು ಎಂದೆ.

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಅಪ್ಪಯ್ಯ, ಆ ಮೀಟರ್ ನಂಬಡ."

ಎಂಜಿನ್ನಿನ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಆಮ್ಲಜನಕದ ಜಾಗವನ್ನು ಅದು ಹಿಡಿದುಕೊಳ್ಳುತ್ತದೆ, ಇನ್ನೂರು ಪಟ್ಟು ಗಟ್ಟಿಯಾಗಿ. ಬೆರಳಿನ ಮೀಟರ್ ನೋಡುವುದು ರಕ್ತದ ಬಣ್ಣವನ್ನು. ಅದರ ಕಣ್ಣಿಗೆ ಎರಡೂ ಒಂದೇ ಕೆಂಪು. ಉಸಿರು ಕಟ್ಟುತ್ತಿದ್ದರೂ ಅಂಕಿ ಚೆನ್ನಾಗಿಯೇ ಇರುತ್ತದಂತೆ.

93. ಎಂದಿಗಿಂತ ಚೆನ್ನಾಗಿದೆ ಎಂದು ಬರೆದಿದ್ದೇನೆ, ಮೇಲೆ ಇದೆ. ಹೊಡೆದುಹಾಕಬೇಕೆನ್ನಿಸಿತು. ಇರಲಿ.

ಅವಳನ್ನು ಉಳಿಸಲೆಂದೇ ಹಚ್ಚಿದ್ದು. ಆ ಮಂಪರು ವಯಸ್ಸಿನದಾ, ನಿದ್ದೆಯದಾ, ನನ್ನದಾ?

ಜುಲೈ 5, ಶುಕ್ರವಾರ

ಇವಳು ಮಾತಾಡುತ್ತಿಲ್ಲ. ದೋಸೆ ಬಡಿಸುವಾಗ ಸೌಟಿನ ಸದ್ದು ಜಾಸ್ತಿ.

ಜುಲೈ 7, ಭಾನುವಾರ

ಎಲೆಕ್ಟ್ರಿಷಿಯನ್ ಹುಡುಗ ಬಂದು ಚೇಂಜ್‌ಓವರ್ ಸ್ವಿಚ್ ಹಾಕಿದ. ಹಿಡಿಕೆ ಮೇಲಿದ್ದರೆ ಲೈನು, ಕೆಳಗಿದ್ದರೆ ಜನರೇಟರ್, ನಡುವೆ ಏನೂ ಇಲ್ಲ. ಒಂದೇ ಕಾಲಕ್ಕೆ ಎರಡೂ ಕಡೆ ಇರಲು ಅದಕ್ಕೆ ಸಾಧ್ಯವೇ ಇಲ್ಲ. ನನ್ನ ನೆನಪಿನ ಗೊಡವೆ ಅದಕ್ಕೆ ಬೇಡ. ಫೇಸ್ ಒಂದೇ ಅಲ್ಲ, ನ್ಯೂಟ್ರಲ್ ಸಹ ಬದಲಾಗಬೇಕು, ಎರಡು ಪೋಲಿನದೇ ಹಾಕು ಎಂದೆ. ವಯರ್ 1.5 ಸಾಕು ಎಂದ, 2.5 ಎಳೆಸಿದೆ.

ಜನರೇಟರಿನಲ್ಲಿ ಟೆಸ್ಟರ್ ಇಟ್ಟರೆ ಎರಡೂ ತೂತಿನಲ್ಲಿ ಮಿಣಮಿಣ. ಹುಡುಗ ಹೆದರಿದ, ಕೆಟ್ಟಿದೆ ಎಂದ. ಕೆಟ್ಟಿಲ್ಲ. ಇದರ ನ್ಯೂಟ್ರಲ್ ಎಲ್ಲಿಯೂ ನೆಲಕ್ಕೆ ಕಟ್ಟಿಲ್ಲ, ತೇಲುತ್ತಿದೆ. ಹಾಗೇ ಬಿಟ್ಟರೆ ಶಾಕ್ ಹೊಡೆದಾಗ ಬೀಳಬೇಕಾದ ಬ್ರೇಕರ್ ಬೀಳುವುದೇ ಇಲ್ಲ. ನ್ಯೂಟ್ರಲ್ಲನ್ನೂ ಮೈಯನ್ನೂ ಸೇರಿಸಿ, ಹೊಸ ಅರ್ಥಿಂಗ್ ಸರಳು ಹೊಡೆದು ಕಟ್ಟಿದೆವು. ಮಳೆಗಾಲದ ನೆಲ, ಸರಳು ಬೆಣ್ಣೆಗೆ ಚೂರಿ ಇಳಿದ ಹಾಗೆ ಇಳಿಯಿತು. ಈಗ ಒಂದರಲ್ಲೇ ಬೆಳಕು.

ಎರಡು ಪ್ಲಗ್ಗಿನ ಆ ವಯರನ್ನು ಕತ್ತಿಯಲ್ಲಿ ಎರಡು ತುಂಡು ಮಾಡಿದೆ. ಇವಳು ನೋಡಿದಳು. ಸಂಜೆ ಚಾ ಜೊತೆ ಚಕ್ಕುಲಿ ಬಂತು.

ಜುಲೈ 11, ಗುರುವಾರ

ಜನರೇಟರಿಗೆ ಮನೆ ಆಯಿತು. ಅಂಗಳ ದಾಟಿ ಪೂರ್ವಕ್ಕೆ, ಮೂವತ್ತೈದು ಹೆಜ್ಜೆ ಆಚೆ. ಈಗ ಗಾಳಿ ಪಡುವಣದ್ದು, ಹೊಗೆ ತೋಟದ ಕಡೆ ಹೋಗುತ್ತದೆ. ಮೇಲೆ ತಗಡು, ನಾಲ್ಕೂ ಕಡೆ ಬಯಲು, ಎರಚಲಿಗೆ ಒಂದು ಬದಿಗೆ ಮಾತ್ರ ಸೋಗೆ ತಟ್ಟಿ. ಸೈಲೆನ್ಸರಿನ ಬಿಸಿಗೆ ಸೋಗೆ ಒಣಗಿ ಬೆಂಕಿ ಹಿಡಿದರೆ ಎಂದು ಭಾವ ಕೇಳಿದ. ತಟ್ಟಿಯನ್ನು ಒಂದು ಮಾರು ದೂರ ಸರಿಸಿದೆ. ಕೆಳಗೆ ಸಿಮೆಂಟ್ ಇಟ್ಟಿಗೆ, ಅದರ ಮೇಲೆ ಹಳೆ ಸ್ಕೂಟರ್ ಟೈರಿನ ತುಂಡು, ಅದುರು ನೆಲಕ್ಕೆ ಹೋಗದಂತೆ.

ಕೊಟ್ಟಿಗೆಗೆ ಹತ್ತಿರವಾಯಿತು. ಕೌಲಿ ಬೆದರಿ ಸಂಜೆ ಸೊರ ಬಿಡಲಿಲ್ಲ. ಅರ್ಧ ಲೀಟರ್ ನಷ್ಟ.

ಜುಲೈ 16, ಮಂಗಳವಾರ

ಘಟ್ಟದ ಕೆಳಗೆ ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಕುಸಿದಿದೆ. ಹೆದ್ದಾರಿಯ ಪಕ್ಕದ ಚಾ ಅಂಗಡಿ, ಅದರಲ್ಲಿದ್ದವರು, ನಿಂತ ಲಾರಿಗಳು. ಗ್ಯಾಸ್ ಟ್ಯಾಂಕರ್ ಗಂಗಾವಳಿಗೆ ಬಿದ್ದು ತೇಲಿಹೋಯಿತಂತೆ. ಎಷ್ಟು ಜನ ಎಂದು ಇನ್ನೂ ಗೊತ್ತಿಲ್ಲ.

ಆ ಅಂಗಡಿಯಲ್ಲಿ ಒಮ್ಮೆಯಾದರೂ ಚಾ ಕುಡಿದಿದ್ದೇನಾ ಎಂದು ಯೋಚಿಸುತ್ತಿದ್ದೆ. ಆ ದಾರಿಯಲ್ಲಿ ಹೋದವರೆಲ್ಲ ಇವತ್ತು ಅದನ್ನೇ ಯೋಚಿಸಿರಬೇಕು.

ಏಳೂವರೆಗೆ ಕರೆಂಟ್ ಹೋಯಿತು. ಬರೆಯುವಂಥದ್ದೇನಿಲ್ಲ.

ಜುಲೈ 18, ಗುರುವಾರ

ಮೂರನೇ ದಿನ. ಕರೆಂಟ್ ಇಲ್ಲ.

ಲೆಕ್ಕ: ಆಯಿಗೆ ದಿನಕ್ಕೆ 15 ತಾಸಿಗೆ ಕಡಿಮೆಯಾಗಬಾರದು. ಜನರೇಟರ್ ಒಂದು ತಾಸು ಓಡಿದರೆ ಆ ತಾಸಿನದೂ ಆಗುತ್ತದೆ, ಬ್ಯಾಟರಿಯಲ್ಲಿ ಇನ್ನು ಅರ್ಧ ತಾಸಿನಷ್ಟೂ ತುಂಬುತ್ತದೆ. ಅಂದರೆ ಹತ್ತು ತಾಸು ಓಡಬೇಕು. ಎಂಟು ಲೀಟರ್. ದಿನಕ್ಕೆ 820 ರೂಪಾಯಿಯ ಮೇಲೆ. ಅಗ್ಗದ ಜನರೇಟರ್ ಎಂದು ಕೊಂಡದ್ದು.

ಬಂಕಿನಲ್ಲಿ ಪ್ಲಾಸ್ಟಿಕ್ ಕ್ಯಾನಿಗೆ ಕೊಡುವುದಿಲ್ಲ, ಕೊಡಲೂಬಾರದು. ಬೈಕಿನ ಟ್ಯಾಂಕ್ ತುಂಬಿಸಿಕೊಂಡು ಬಂದು, ನಳಿಗೆ ಇಟ್ಟು ಬಾಯಲ್ಲಿ ಎಳೆದು ಇಳಿಸುವುದು. ಎರಡು ದಿನದಿಂದ ಊಟಕ್ಕೆಲ್ಲ ಪೆಟ್ರೋಲಿನ ರುಚಿ. ಅಪ್ಪೆಹುಳಿಗೂ.

ಜುಲೈ 19, ಶುಕ್ರವಾರ

ಮೊಬೈಲ್ ಚಾರ್ಜಿಗೆ ಹನ್ನೊಂದು ಜನ. ಜಗುಲಿಯಲ್ಲಿ ಸಾಲಾಗಿ ಇಟ್ಟಿದ್ದಾರೆ, ದೇವಸ್ಥಾನದ ಹೊರಗೆ ಚಪ್ಪಲಿ ಬಿಟ್ಟ ಹಾಗೆ. ಟವರೇ ಸತ್ತಿದೆ, ಚಾರ್ಜ್ ಮಾಡಿ ಏನು ಮಾಡುತ್ತಾರೋ. ಒಬ್ಬಳು ಉದ್ದಿನಬೇಳೆ ತಂದು ಮಿಕ್ಸಿಯಲ್ಲಿ ತಿರುಗಿಸಿಕೊಂಡು ಹೋದಳು. ಯಾರಿಗೂ ಬೇಡ ಎನ್ನಲಿಲ್ಲ. ಮಿಕ್ಸಿ ತಿರುಗುವಾಗ ಆಯಿಯ ಮಿಷನ್ನಿನ ದೀಪ ಒಮ್ಮೆ ಮಿನುಗಿತು, ನನ್ನ ಹೊಟ್ಟೆಯಲ್ಲೂ ಏನೋ ಮಿನುಗಿತು. ನಾಳೆ ಮಿಕ್ಸಿ ಬೇಡ ಎನ್ನಬೇಕು. ಹೇಗೆ ಎನ್ನುವುದು?

ತೋಟಕ್ಕೆ ಎರಡನೇ ಸಲದ ಔಷಧಿ ಹೊಡೆಸಬೇಕಿತ್ತು. ಮೈಲುತುತ್ತ, ಸುಣ್ಣ ತಂದಿಟ್ಟದ್ದು ಹಾಗೇ ಇದೆ. ಮಳೆ ಎರಡು ತಾಸು ಬಿಡುವು ಕೊಡುತ್ತಿಲ್ಲ. ಕೊಳೆ ಬಿದ್ದರೆ ಈ ಪೆಟ್ರೋಲಿನ ದುಡ್ಡು ಎಲ್ಲಿಂದ?

ಜುಲೈ 20, ಶನಿವಾರ, ರಾತ್ರಿ

ಒಂಬತ್ತು ಇಪ್ಪತ್ತಕ್ಕೆ ಲೈನಿನ ದೀಪ ಹೊತ್ತಿತು. ಕೊಡೆ ಹಿಡಿದು ಹೋಗಿ ಕಾಕ್ ಮುಚ್ಚಿದೆ. ಎರಡು ನಿಮಿಷ ಓಡಿ ತಾನೇ ಆರಿತು. ಆಮೇಲಿನ ಮೌನ ಎಷ್ಟಿತ್ತೆಂದರೆ ಜೀರುಂಡೆ ಹೊಸದಾಗಿ ಹುಟ್ಟಿದ ಹಾಗೆ.

ಹತ್ತು ನಿಮಿಷಕ್ಕೆ ಅಂಗಳದಲ್ಲಿ ಬ್ಯಾಟರಿ ಬೆಳಕು. ಭಾವ, ಪಂಚೆ ಮೊಣಕಾಲಿನ ಮೇಲೆ ಕಟ್ಟಿಕೊಂಡು, ಓಡುತ್ತ ಬಂದಿದ್ದ. ಅವನ ಹಿಂದೆ ಇನ್ನಿಬ್ಬರು.

"ಆಯಿ ಅರಾಮಿದ್ದಾ?"

ಅವರ ಮನೆಗೆ ಇನ್ನೂ ಕರೆಂಟ್ ಬಂದಿರಲಿಲ್ಲ. ಸದ್ದು ನಿಂತದ್ದು ಮಾತ್ರ ಕೇಳಿತ್ತು.

ಜುಲೈ 30, ಮಂಗಳವಾರ

ವಯನಾಡಿನಲ್ಲೂ ಗುಡ್ಡ ಕುಸಿದ ಸುದ್ದಿ. ಟಿವಿ ಬಂದ್ ಮಾಡು ಎಂದಳು ಆಯಿ.

ಆಯಿಲ್ ಬದಲಿಸಿದೆ, 50 ತಾಸು ದಾಟಿತ್ತು. ಈ ಸಲ ಜೇನಿನ ಬಣ್ಣಕ್ಕಿಂತ ಸ್ವಲ್ಪ ಕಪ್ಪು. ಪ್ಲಗ್ ತೆಗೆದು ಉಜ್ಜಿದೆ. ಮಗಳು ಗೋಡೆಗೆ ಹಾಕುವ ಕಾರ್ಬನ್ ಮೊನಾಕ್ಸೈಡ್ ಅಲಾರಂ ಕಳಿಸಿದ್ದಾಳೆ, ಕೈಬಳೆ ಡಬ್ಬಿಯಷ್ಟು. ಆಯಿಯ ಮಂಚದ ತಲೆಕಡೆ ಹಾಕಿದೆ. ಸೊನ್ನೆ ತೋರಿಸುತ್ತದೆ. ಜನರೇಟರ್ ಓಡುವಾಗಲೂ ಸೊನ್ನೆ. ದಿನಕ್ಕೆ ಹತ್ತು ಸಲ ನೋಡುತ್ತೇನೆ.

ಸಂಜೆ ಇವಳು ಬಚ್ಚಲ ಒಲೆಗೆ ಅಡಿಕೆ ಸಿಪ್ಪೆ ಹಾಕಿ ನೀರು ಕಾಯಿಸುತ್ತಿದ್ದಾಗ ಅಲಾರಂ ಕೂಗಿತು. 38. ಜನರೇಟರ್ ಆಗ ಓಡುತ್ತಿರಲಿಲ್ಲ. ಇಬ್ಬರೂ ಒಲೆ ನೋಡಿದೆವು. ಅರವತ್ತೆಂಟು ವರ್ಷದಿಂದ ಆಯಿ ಆ ಒಲೆಯ ನೀರಲ್ಲೇ ಮಿಂದದ್ದು.

ಆಗಸ್ಟ್ 9, ಶುಕ್ರವಾರ

ನಾಗರ ಪಂಚಮಿ. ಹುತ್ತಕ್ಕೆ ಹಾಲೆರೆದು ಬರುವಾಗ ಪವರ್‌ಮ್ಯಾನ್ ಸಿಕ್ಕಿದ. ಕಂಬಕ್ಕೆ ತಾಗುವ ಕೊಂಬೆ ಕಡಿಯಲಿಕ್ಕೆ ಬಂದಿದ್ದ. ಒಳಗೆ ಕರೆದೆ. ಅರಿಶಿನೆಲೆ ಕಡುಬು ಕೊಟ್ಟೆವು.

ಗೋಡೆ ನೋಡಿ, "ಚೇಂಜ್‌ಓವರ್ ಹಾಕ್ಸೀರಿ? ಚಲೋ ಮಾಡಿದ್ರಿ" ಎಂದ. ಜನರೇಟರ್ ಇರುವ ಮನೆಯವರಲ್ಲಿ ಹೆಚ್ಚಿನವರು ಹಾಕಿಸುವುದಿಲ್ಲವಂತೆ. ಹಿಂದಿನಿಂದ ಬಿಟ್ಟ 230 ವೋಲ್ಟ್ ಟ್ರಾನ್ಸ್‌ಫಾರ್ಮರಿನಲ್ಲಿ ಉಲ್ಟಾ ಹೊಕ್ಕು ಆಚೆ ಬದಿ 11 ಸಾವಿರವಾಗಿ ಹೊರಡುತ್ತದೆ, ಕಂಬದ ಮೇಲಿದ್ದವನಿಗೆ ಲೈನ್ ಆಫ್ ಮಾಡಿದ್ದೇವೆಂಬ ಧೈರ್ಯ. "ಅದಕ್ಕ ನಾ ಸದ್ದು ಕೇಳಿದ ಮನೀಗೆ ಮೊದಲ ಹೋಗಿ ಬರ್ತೀನ್ರಿ."

ಆಮೇಲೆ ಕೇಳಿದ: "ಮೊದಲ ಹೆಂಗ ಹಾಕ್ತಿದ್ರಿ?"

ಅಷ್ಟರಲ್ಲಿ ಇವಳು ಇನ್ನೊಂದು ಕಡುಬು ಹಾಕಲು ಬಂದಳು. ಅವನು ಬ್ಯಾಡ ಬ್ಯಾಡ ಎಂದ. ಇವಳು ಹಾಕಿದಳು. ಮಾತು ತಪ್ಪಿತು. ಅವನು ಮತ್ತೆ ಕೇಳಲಿಲ್ಲ. ನಾನು ಹೇಳಲಿಲ್ಲ. ಹೊರಡುವಾಗ ಅವನ ಕೈಯನ್ನೇ ನೋಡುತ್ತಿದ್ದೆ. ಅಂಗೈ ತುಂಬ ಜಡ್ಡು.

ಆಗಸ್ಟ್ 18, ಭಾನುವಾರ

ಬಿಸಿಲು ಬಂದಿದೆ. ಔಷಧಿ ಒಂದು ಸುತ್ತು ಮುಗಿಯಿತು. ಮೇಲಿನ ತೋಟದಲ್ಲಿ ಕೊಳೆ ಬಿದ್ದಿದೆ, ಎಷ್ಟು ಹೋಗುತ್ತದೋ ನೋಡಬೇಕು.

ಆಯಿ ಎರಡು ದಿನದಿಂದ ಅನ್ನ ಬೇಡ, ಗಂಜಿ ಸಾಕು ಎನ್ನುತ್ತಿದ್ದಾಳೆ. ನೆನಪೂ ಸ್ವಲ್ಪ ತಪ್ಪುತ್ತಿದೆ, ನನ್ನನ್ನು ಎರಡು ಸಲ ತಮ್ಮನ ಹೆಸರಿನಿಂದ ಕರೆದಳು. ಜುಲೈಗೆ ಮೊದಲೂ ಹೀಗೆ ಕರೆದದ್ದಿದೆಯಾ ಎಂದು ಇವಳನ್ನು ಕೇಳಿದೆ. ಇದೆ ಎಂದಳು. ಬೇಗ ಹೇಳಿಬಿಟ್ಟಳು.

ರಾತ್ರಿ ಊಟದ ಹೊತ್ತಿಗೆ ಕರೆಂಟ್ ಹೋಗಿತ್ತು. ಚೇಂಜ್‌ಓವರ್ ಹಿಡಿಕೆ ನಡುವಿಗೆ ತಂದೆ. ಮೂವತ್ತೈದು ಹೆಜ್ಜೆ. ಕಾಕ್ ತೆರೆದು, ಚೋಕ್ ಎಳೆದು, ಮೂರನೇ ಎಳೆತಕ್ಕೆ ಹೊತ್ತಿತು. ಮೀಟರ್ 51 ತೋರಿಸಿದ ಮೇಲೆ ಒಳಗೆ ಬಂದು ಹಿಡಿಕೆ ಕೆಳಗಿಳಿಸಿದೆ.

ಓಡಿದ್ದು 2 ತಾಸು 10 ನಿಮಿಷ. ಇಲ್ಲಿಯ ತನಕ ಒಟ್ಟು 71 ತಾಸು. ಪೆಟ್ರೋಲ್ 58 ಲೀಟರ್. ಅಲಾರಂ ಸೊನ್ನೆ.